ಕಲ್ಲಿನ ಬಣ್ಣ, ಗೋಡೆಯ ಬಣ್ಣ



ಮನೆ ಕಟ್ಟಿಸುವವರು ಹಲವು ಸಂಗತಿಗಳನ್ನು ಮೊದಲೇ ಯೋಚಿಸಿರುತ್ತಾರೆ. ಪಾಯ ಎಷ್ಟು ಆಳ ತೆಗೆಯಬೇಕು, ತಲೆಬಾಗಿಲು ಯಾವ ದಿಕ್ಕಿಗಿರಬೇಕು, ನೀರಿನ ತೊಟ್ಟಿ ಎಲ್ಲಿ ಬರಬೇಕು ಎಂಬುದೆಲ್ಲ ತಿಂಗಳುಗಟ್ಟಲೆ ಚರ್ಚೆಯಾಗುತ್ತದೆ. ಬಣ್ಣದ ಮಾತು ಬರುವುದು ಮಾತ್ರ ಕೊನೆಗೆ, ಗೃಹಪ್ರವೇಶದ ದಿನ ಹತ್ತಿರವಾದಾಗ. ಆಗ ಅಂಗಡಿಯಿಂದ ಶೇಡ್ ಕಾರ್ಡ್ ತರುತ್ತಾರೆ. ಮನೆಮಂದಿಯೆಲ್ಲ ಅದರ ಸುತ್ತ ಕೂತು ತಮಗೆ ಹಿಡಿಸಿದ ಚೌಕದ ಮೇಲೆ ಬೆರಳಿಡುತ್ತಾರೆ. ಆದರೆ ಅಷ್ಟು ಹೊತ್ತಿಗೆ ಮನೆಯೊಳಗೆ ಒಂದು ಬಣ್ಣ ಬಂದು ಕೂತಾಗಿರುತ್ತದೆ. ಅದು ಕಲ್ಲಿನ ಬಣ್ಣ. ನೆಲಕ್ಕೆ ಹಾಸಿದ ಬಂಡೆ, ಮೆಟ್ಟಿಲಿನ ಗ್ರಾನೈಟ್, ಅಡಿಗೆಮನೆಯ ಕಟ್ಟೆ, ಮುಂಭಾಗದ ಕಲ್ಲುಗೋಡೆ, ಇವುಗಳಿಗೂ ಬಣ್ಣವಿದೆ. ಗೋಡೆಯ ಬಣ್ಣವನ್ನು ಐದು ವರ್ಷಕ್ಕೊಮ್ಮೆ ಬದಲಿಸಬಹುದು; ಕಲ್ಲಿನ ಬಣ್ಣವನ್ನು ಬದಲಿಸಲಾಗದು. ಆದ್ದರಿಂದ ಯಾವುದು ಬದಲಾಗದೋ ಅದನ್ನು ಮೊದಲು ನೋಡಿ, ಬದಲಾಗುವುದನ್ನು ಅದಕ್ಕೆ ಹೊಂದಿಸಬೇಕು. ಇದೇ ಇವತ್ತಿನ ಮಾತಿನ ಮುಖ್ಯ ವಿಷಯ.

ಈ ವಿಷಯವನ್ನು ತಿಳಿಯುವುದಕ್ಕೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಿಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಮೇಲೆ ಹೊಸಪೇಟೆ, ಹಂಪಿಗಳು ಆ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಆದರೆ ಕಲ್ಲು ಮಣ್ಣುಗಳ ಲೆಕ್ಕದಲ್ಲಿ ಈ ನಾಲ್ಕೂ ಊರುಗಳು ಒಂದೇ ಸೀಮೆ. ಒಂದು ಕಡೆ ಬಂಡೆಗಳ ರಾಶಿ, ಇನ್ನೊಂದು ಕಡೆ ಕಬ್ಬಿಣದ ಅದಿರಿನ ಬೆಟ್ಟ, ಮತ್ತೊಂದು ಕಡೆ ನದಿಯ ದಡದ ಎರೆಹೊಲ. ಮನೆಗೆ ಬೇಕಾದ ಕಲ್ಲು, ಕೆಂಪು, ಬಿಳುಪು ಮೂರೂ ಒಂದು ದಿನದ ಬಂಡಿದಾರಿಯೊಳಗೆ ಸಿಗುತ್ತಿದ್ದ ಸೀಮೆ ಇದು.

ಮೊದಲು ಹಂಪಿಯ ಬಂಡೆಯನ್ನು ನೋಡೋಣ. ದೂರದಿಂದ ನೋಡಿದವರು ಅದನ್ನು ಬೂದು ಬಣ್ಣ ಎನ್ನುತ್ತಾರೆ. ಸಂಜೆ ನೋಡಿದವರು ಹೊಂಬಣ್ಣ ಎನ್ನುತ್ತಾರೆ. ಮಳೆಯಲ್ಲಿ ನೋಡಿದವರು ಕಪ್ಪು ಎಂದರೂ ಆಶ್ಚರ್ಯವಿಲ್ಲ. ಹತ್ತಿರ ಹೋಗಿ, ಹೊಸದಾಗಿ ಒಡೆದ ಒಂದು ಚೂರನ್ನು ಕೈಯಲ್ಲಿ ಹಿಡಿದು ನೋಡಿದರೆ ಅದರಲ್ಲಿ ಒಂದೇ ಬಣ್ಣವಿಲ್ಲ ಎಂಬುದು ತಿಳಿಯುತ್ತದೆ. ಗ್ರಾನೈಟ್ ಎಂಬುದು ಹಲವು ಖನಿಜಗಳ ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಆದ ಶಿಲೆ. ಗಾಜಿನಂತೆ ಮಸಕಾಗಿ ಕಾಣುವುದು ಕ್ವಾರ್ಟ್ಸ್, ಅಂದರೆ ಬೆಣಚು. ಬಿಳಿ ಮತ್ತು ತಿಳಿಗುಲಾಬಿ ಹರಳುಗಳು ಫೆಲ್ಡ್‌ಸ್ಪಾರ್. ಕಪ್ಪು ಚುಕ್ಕೆಗಳಲ್ಲಿ ಹೆಚ್ಚಿನವು ಬಯೋಟೈಟ್ ಎಂಬ ಕಪ್ಪು ಅಭ್ರಕ. ದಕ್ಷಿಣದ ರಾಮನಗರದಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಗ್ರಾನೈಟ್ ಪಟ್ಟಿಯೊಂದಿದೆ. ರಾಮನಗರದ ಹಿಂದಿನ ಹೆಸರಿನಿಂದ ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಹಂಪಿಯ ಸುತ್ತಮುತ್ತಲ ಬಂಡೆಗಳು ಈ ಪಟ್ಟಿಯ ಉತ್ತರ ಭಾಗದಲ್ಲಿ ಬರುತ್ತವೆ. ಅವುಗಳ ವಯಸ್ಸು ಸುಮಾರು 250 ಕೋಟಿ ವರ್ಷ.

ಇಲ್ಲಿ ಗಮನಿಸಬೇಕಾದದ್ದು ಆ ಗುಲಾಬಿ ಬಣ್ಣವನ್ನು. ಶುದ್ಧವಾದ ಫೆಲ್ಡ್‌ಸ್ಪಾರ್‌ಗೆ ಗುಲಾಬಿ ಬಣ್ಣವಿಲ್ಲ. ಹರಳಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹರಡಿಕೊಂಡ ಕಬ್ಬಿಣದ ಆಕ್ಸೈಡ್ ಕಣಗಳಿಂದ ಅದಕ್ಕೆ ಸಾಮಾನ್ಯವಾಗಿ ಆ ಛಾಯೆ ಬರುತ್ತದೆ. ಬಿಸಿಲು ಮಳೆಗೆ ಒಡ್ಡಿಕೊಂಡ ಬಂಡೆಯ ಮೇಲ್ಮೈ ಕಂದಾಗುವುದಕ್ಕೂ ಕಬ್ಬಿಣವೇ ಕಾರಣ. ಅಭ್ರಕದಂಥ ಖನಿಜಗಳಲ್ಲಿರುವ ಕಬ್ಬಿಣ ಗಾಳಿ ಮತ್ತು ನೀರಿನ ಜೊತೆ ಸೇರಿ ತುಕ್ಕಿನಂಥ ಬಣ್ಣ ತಾಳುತ್ತದೆ. ಹೀಗಾಗಿ ಹೊರಗೆ ಕಂದಾಗಿ ಕಾಣುವ ಬಂಡೆಯನ್ನು ಕಲ್ಲುಕುಟಿಗರು ಸೀಳಿದಾಗ ಒಳಗೆ ತಿಳಿ ಬೂದು, ತಿಳಿಗುಲಾಬಿ ಹೊರಬರುತ್ತದೆ.

ಈಗ ಹಂಪಿಯಿಂದ ತೆಂಕಣಕ್ಕೆ, ಸಂಡೂರಿನ ಬೆಟ್ಟಗಳಿಗೆ ಹೋಗೋಣ. ಬಂಡೆಯಲ್ಲಿ ಚಿಟಿಕೆಯಷ್ಟಿದ್ದ ಕಬ್ಬಿಣ ಇಲ್ಲಿ ಬೆಟ್ಟವಾಗಿ ನಿಂತಿದೆ. ಇಲ್ಲಿನ ಮುಖ್ಯ ಅದಿರು ಹೆಮಟೈಟ್. ಗಟ್ಟಿ ಹೆಮಟೈಟ್ ನೋಡುವುದಕ್ಕೆ ಉಕ್ಕಿನಂತೆ ಕಪ್ಪು ಬೂದು. ಆದರೆ ಅದನ್ನು ಅರೆದರೆ ಪುಡಿ ರಕ್ತದಂತೆ ಕೆಂಪು. ಆ ಹೆಸರು ಬಂದದ್ದೂ ಗ್ರೀಕ್ ಭಾಷೆಯಲ್ಲಿ ರಕ್ತ ಎಂಬರ್ಥದ ಪದದಿಂದ. ನೀವೇ ಪರೀಕ್ಷಿಸಬಹುದು. ಟೈಲ್ಸ್‌ನ ಹಿಂಬದಿಯ ಹೊಳಪಿಲ್ಲದ ಭಾಗದ ಮೇಲೆ ಅದಿರಿನ ಚೂರನ್ನು ಉಜ್ಜಿ. ಕಲ್ಲು ಕಪ್ಪಾಗಿದ್ದರೂ ಗೆರೆ ಕೆಂಪಾಗಿ ಮೂಡುತ್ತದೆ. ಖನಿಜಗಳನ್ನು ಗುರುತಿಸಲು ಭೂವಿಜ್ಞಾನಿಗಳು ಇಂದಿಗೂ ಬಳಸುವ ಸರಳ ವಿಧಾನ ಇದು.

ಇದೇ ಕೆಂಪು ಪುಡಿ ಮಣ್ಣಿನೊಡನೆ ಬೆರೆತಾಗ ನಮ್ಮ ಹಳ್ಳಿಗಳ ಜಾಜು, ಕೆಮ್ಮಣ್ಣು. ಅಜ್ಜಿಯರು ಕಟ್ಟೆಗೆ, ಗೋಡೆಯ ಬುಡಕ್ಕೆ ಬಳಿಯುತ್ತಿದ್ದದ್ದು ಅದನ್ನೇ. ಹಳೆಯ ಮನೆಗಳ ನುಣುಪಾದ ಕೆಂಪು ನೆಲಕ್ಕೆ ಗೌಂಡಿಗಳು ಸಿಮೆಂಟಿನೊಡನೆ ಕಲಸುತ್ತಿದ್ದ ರೆಡ್ ಆಕ್ಸೈಡ್ ಕೂಡ ಕಬ್ಬಿಣದ ಆಕ್ಸೈಡೇ. ಕಬ್ಬಿಣದ ಆಕ್ಸೈಡಿನ ಜೊತೆ ನೀರಿನ ಅಂಶ ಸೇರಿಕೊಂಡರೆ ಹಳದಿ ಮಣ್ಣು. ಹಳದಿ ಮಣ್ಣನ್ನು ಚೆನ್ನಾಗಿ ಕಾಯಿಸಿದರೆ ನೀರಿನ ಅಂಶ ಹೊರಟುಹೋಗಿ ಕೆಂಪಾಗುತ್ತದೆ. ಹಂಪಿಯ ಬಂಡೆಯ ಗುಲಾಬಿ, ಸಂಡೂರಿನ ಅದಿರಿನ ಕೆಂಪು, ಮನೆಯ ಕಟ್ಟೆಯ ಜಾಜು ಇವೆಲ್ಲ ಒಂದೇ ಮನೆತನದ ಬಣ್ಣಗಳು. ಕಲ್ಲಿನ ಪಕ್ಕದಲ್ಲಿ ಜಾಜು ಹೊಂದಿಕೊಳ್ಳುತ್ತದೆ ಎಂದು ನಮ್ಮ ಹಿರಿಯರು ಕಣ್ಣಿನಿಂದ ಕಂಡುಕೊಂಡದ್ದಕ್ಕೆ ರಸಾಯನಶಾಸ್ತ್ರದ ಒಂದು ಕಾರಣವೂ ಇದೆ ಎಂದಾಯಿತು.

ಕಲ್ಲು ಆಯಿತು, ಕೆಂಪು ಆಯಿತು. ಬಿಳುಪಿಗಾಗಿ ಕಂಪ್ಲಿಯ ಕಡೆಗೆ ಹೋಗಬೇಕು. ತುಂಗಭದ್ರೆಯ ದಡದ ಈ ಊರಿನ ಆಸುಪಾಸಿನ ಎರೆಹೊಲಗಳಲ್ಲಿ ನೇಗಿಲಿಗೆ ಬಿಳಿ ಹರಳುಗಳು ಸಿಗುತ್ತವೆ. ಅವು ಸುಣ್ಣದ ಹರಳುಗಳು. ಸುಣ್ಣದ ಕಲ್ಲನ್ನಾಗಲಿ ಈ ಹರಳುಗಳನ್ನಾಗಲಿ ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟರೆ ಅವುಗಳಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಒಡೆದು ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ಉಳಿದದ್ದು ಸುಟ್ಟ ಸುಣ್ಣ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿ ಕುದಿದು ಅರಳಿದ ಸುಣ್ಣವಾಗುತ್ತದೆ. ಈ ಕೆಲಸ ಚರ್ಮಕ್ಕೂ ಕಣ್ಣಿಗೂ ಅಪಾಯಕಾರಿ. ನೀವು ಮಾಡಲು ಹೋಗಬೇಡಿ. ಅರಳಿದ ಸುಣ್ಣವನ್ನು ತಿಳಿಯಾಗಿ ಕದಡಿ ಗೋಡೆಗೆ ಬಳಿದಾಗ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಎಂದರೆ ಸುಣ್ಣ ಬಳಿದ ಗೋಡೆಯ ಮೇಲಿರುವುದು ಕಲ್ಲಿನದೇ ಒಂದು ತೆಳುವಾದ ಪದರ. ಕಲ್ಲಿನ ಪಕ್ಕದಲ್ಲಿ ಸುಣ್ಣದ ಗೋಡೆ ಪರಕೀಯವಾಗಿ ಕಾಣದಿರುವುದಕ್ಕೆ ಇದೂ ಒಂದು ಕಾರಣ. ಎರಡರ ಮೇಲ್ಮೈಗೂ ಕನ್ನಡಿಯ ಹೊಳಪಿಲ್ಲ. ಎರಡೂ ಬೆಳಕನ್ನು ಎಲ್ಲ ದಿಕ್ಕಿಗೂ ಮೃದುವಾಗಿ ಚದುರಿಸುತ್ತವೆ.

ಈ ಸೀಮೆಯ ಹಳೆಯ ಮಾಳಿಗೆ ಮನೆಗಳನ್ನು ನೀವು ನೋಡಿರಬಹುದು. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಮೇಲೊಂದು ಬೆಳಕಿಂಡಿ, ಮರದ ಕಂಬದ ಕೆಳಗೆ ಅಡಿಗಲ್ಲು, ಹೊರಗೆ ಕಲ್ಲಿನ ಕಟ್ಟೆ. ಗೋಡೆಗೆ ಸುಣ್ಣ, ಬುಡಕ್ಕೆ ಮೊಳದೆತ್ತರ ಜಾಜಿನ ಪಟ್ಟಿ. ಇದನ್ನು ಬರೀ ಅಲಂಕಾರ ಎಂದು ತಿಳಿಯಬಾರದು. ಮಳೆ ಬಂದಾಗ ನೆಲದ ಕೆಸರು ಗೋಡೆಯ ಬುಡಕ್ಕೆ ಸಿಡಿಯುತ್ತದೆ. ಕೆಂಪು ಪಟ್ಟಿಯ ಮೇಲೆ ಆ ಕಲೆ ಎದ್ದು ಕಾಣುವುದಿಲ್ಲ. ಮೇಲಿನ ಬಿಳುಪು ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ಹೊಸ ಸುಣ್ಣದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತರ ಆಸುಪಾಸಿನಷ್ಟನ್ನು ಪ್ರತಿಫಲಿಸಬಲ್ಲದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿಗೆ ಇದು ಸಣ್ಣ ಉಪಕಾರವೇನೂ ಅಲ್ಲ. ಬೆಳಕಿಂಡಿಯಿಂದ ಇಳಿದ ಬೆಳಕು ಬಿಳಿ ಗೋಡೆಗೆ ತಾಗಿ ಕತ್ತಲ ಮೂಲೆಗೂ ತಲುಪುತ್ತದೆ. ಅಲ್ಲದೆ ಸುಣ್ಣ ಕ್ಷಾರಗುಣದ ವಸ್ತು. ಅದರಲ್ಲಿ ಬೆರೆಸಿದ ಹೂವಿನ, ಎಲೆಯ ಬಣ್ಣಗಳು ಬಹುಬೇಗ ಕೆಡುತ್ತವೆ. ಕಬ್ಬಿಣದ ಆಕ್ಸೈಡು ಕೆಡುವುದಿಲ್ಲ. ಸುಣ್ಣದ ಜೊತೆಗಾರನಾಗಿ ಜಾಜು ಉಳಿದದ್ದು ಹೀಗೆ.

ಹಂಪಿಯ ಶಿಲ್ಪಿಗಳು ಕಲ್ಲು ಮತ್ತು ಬಣ್ಣವನ್ನು ಹೇಗೆ ಹೊಂದಿಸಿದ್ದರು ಎಂಬುದನ್ನೂ ನೋಡಬೇಕು. ವಿರೂಪಾಕ್ಷ ದೇವಾಲಯದ ದೊಡ್ಡ ಗೋಪುರದ ಬುಡ ಗ್ರಾನೈಟ್ ಕಲ್ಲಿನದು. ಮೇಲಿನ ಅಂತಸ್ತುಗಳು ಇಟ್ಟಿಗೆ ಮತ್ತು ಗಾರೆಯವು. ಕಲ್ಲು ಕಲ್ಲಾಗಿಯೇ ಇದೆ. ಗಾರೆಯ ಭಾಗಕ್ಕೆ ಹಳದಿ ಬೆರೆತ ತಿಳಿ ಬಣ್ಣವಿದೆ. ಅಷ್ಟು ಎತ್ತರದ ಗೋಪುರ ಸುತ್ತಲಿನ ಬಂಡೆಗಳ ನಡುವೆ ಸ್ಪಷ್ಟವಾಗಿ ಕಾಣುತ್ತದೆ. ಆದರೂ ಅವುಗಳೊಡನೆ ಜಗಳವಾಡುವುದಿಲ್ಲ. ಹಜಾರರಾಮ ದೇವಾಲಯದ ಒಳಗೆ ಹೋದರೆ ತಿಳಿ ಬಣ್ಣದ ಗ್ರಾನೈಟ್ ಗೋಡೆಗಳ ನಡುವೆ ನಯಗೊಳಿಸಿದ ಕಪ್ಪು ಕಲ್ಲಿನ ಕಂಬಗಳಿವೆ. ಎಲ್ಲವೂ ಕಪ್ಪಾಗಿದ್ದರೆ ಕತ್ತಲೆ. ಎಲ್ಲವೂ ಬೂದಾಗಿದ್ದರೆ ಸಪ್ಪೆ. ದೊಡ್ಡ ಭಾಗ ತಿಳಿ, ಸಣ್ಣ ಭಾಗ ಗಾಢ ಎಂಬ ಲೆಕ್ಕ ಅಲ್ಲಿದೆ. ಇನ್ನು ವಿಜಯ ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೆ ಒಂದು ಕಾಲದಲ್ಲಿ ಬಣ್ಣ ಹಚ್ಚಲಾಗಿತ್ತು. ಬಿಸಿಲು ಮಳೆ ತಾಗದ ಕೆಳಭಾಗದಲ್ಲಿ ಅದರ ಗುರುತುಗಳು ಉಳಿದಿವೆ. ಹಾಗಿದ್ದಮೇಲೆ ನಾವೂ ಕಲ್ಲಿಗೆ ಬಣ್ಣ ಹಚ್ಚಿದರೆ ತಪ್ಪೇನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಸ್ವಲ್ಪ ಹೊತ್ತಿನಲ್ಲೇ ಬರುತ್ತೇನೆ.

ಅದಕ್ಕೆ ಮುಂಚೆ ಕಣ್ಣಿನ ವಿಷಯ. ಬಣ್ಣ ಹೊಂದುವುದು, ಹೊಂದದಿರುವುದು ಗೋಡೆಯ ಮೇಲೆ ಮಾತ್ರ ನಡೆಯುವ ಸಂಗತಿಯಲ್ಲ. ನಮ್ಮ ಕಣ್ಣು ಮತ್ತು ಮೆದುಳಿನಲ್ಲಿಯೂ ನಡೆಯುತ್ತದೆ. ಇದನ್ನು ವಿವರವಾಗಿ ಅಭ್ಯಾಸ ಮಾಡಿದವನು ಮಿಷೆಲ್ ಷೆವ್ರಲ್ ಎಂಬ ಫ್ರಾನ್ಸಿನ ರಸಾಯನಶಾಸ್ತ್ರಜ್ಞ. ಪ್ಯಾರಿಸಿನ ಗೊಬೆಲಿನ್ ಎಂಬ ನೇಯ್ಗೆ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕುವ ವಿಭಾಗದ ಹೊಣೆ ಅವನದು. ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲ ಎಂಬ ದೂರು ಬಂದಾಗ ಅವನು ಬಣ್ಣವನ್ನು ಪರೀಕ್ಷಿಸಿದ, ಬಣ್ಣದಲ್ಲಿ ದೋಷವಿರಲಿಲ್ಲ. ಕಪ್ಪಿನ ಪಕ್ಕದಲ್ಲಿ ನೇಯ್ದಿದ್ದ ಬೇರೆ ಬಣ್ಣಗಳಿಂದಾಗಿ ಕಪ್ಪು ಪೇಲವವಾಗಿ ಕಾಣುತ್ತಿತ್ತು. ಒಂದು ಬಣ್ಣ ತನ್ನ ಪಕ್ಕದ ಬಣ್ಣವನ್ನು ತನ್ನ ವಿರುದ್ಧ ದಿಕ್ಕಿಗೆ ತಳ್ಳುತ್ತದೆ ಎಂಬುದನ್ನು ಅವನು 1839ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ.

ನೀವು ಮನೆಯಲ್ಲೇ ಇದನ್ನು ನೋಡಬಹುದು. ಒಂದೇ ಬೂದು ಕಾಗದದಿಂದ ಎರಡು ಸಣ್ಣ ಚೌಕಗಳನ್ನು ಕತ್ತರಿಸಿ. ಒಂದನ್ನು ಗಾಢ ಹಸಿರು ಕಾಗದದ ಮೇಲೆ, ಇನ್ನೊಂದನ್ನು ಗಾಢ ಕೆಂಪು ಕಾಗದದ ಮೇಲೆ ಇಡಿ. ಅರ್ಧ ನಿಮಿಷ ದಿಟ್ಟಿಸಿ ನೋಡಿ. ಹಸಿರಿನ ಮೇಲಿನ ಬೂದು ಸ್ವಲ್ಪ ಕೆಂಪಡರಿದಂತೆ, ಕೆಂಪಿನ ಮೇಲಿನ ಬೂದು ಸ್ವಲ್ಪ ಹಸಿರಡರಿದಂತೆ ತೋರುತ್ತದೆ. ಈಗ ಕಾಗದದ ಬದಲು ನಿಮ್ಮ ಮನೆಯ ಕಲ್ಲನ್ನು ಊಹಿಸಿಕೊಳ್ಳಿ. ತಿಳಿಗುಲಾಬಿ ಛಾಯೆಯ ಗ್ರಾನೈಟ್ ನೆಲವಿದೆ. ಹೊಂದಲಿ ಎಂದು ಗೋಡೆಗೂ ದಟ್ಟ ಗುಲಾಬಿ ಬಳಿಸಿದರು ಎನ್ನಿ. ಗೋಡೆಯ ಗುಲಾಬಿಯ ಮುಂದೆ ಕಲ್ಲಿನಲ್ಲಿದ್ದ ಗುಲಾಬಿ ಸೋತು, ನೆಲ ಮಂಕು ಬೂದಾಗಿ ಕಾಣುತ್ತದೆ. ಅದೇ ಗೋಡೆಗೆ ಹಸಿರಿನ ಲೇಶವಿರುವ ತಿಳಿ ಬೂದು ಬಣ್ಣ ಬಳಿದರೆ ಕಲ್ಲಿನ ಗುಲಾಬಿ ಎದ್ದು ಬರುತ್ತದೆ. ಕಲ್ಲಿನ ಬಣ್ಣವನ್ನೇ ಗೋಡೆಗೂ ಹಚ್ಚುವುದು ಹೊಂದಾಣಿಕೆ ಎಂಬ ತಿಳಿವಳಿಕೆ ಸರಿಯಲ್ಲವೆಂದು ಈ ಒಂದು ಪ್ರಯೋಗ ತೋರಿಸಿಕೊಡುತ್ತದೆ.

ಬೆಳಕನ್ನೂ ಮರೆಯುವಂತಿಲ್ಲ. ಚಿತ್ರೀಕರಣಕ್ಕೆ ಮುಂಚೆ ನಾವು ಕ್ಯಾಮೆರಾಕ್ಕೆ ಬಿಳಿ ಹಾಳೆಯೊಂದನ್ನು ತೋರಿಸುತ್ತೇವೆ. ಈ ಬೆಳಕಿನಲ್ಲಿ ಇದನ್ನು ಬಿಳುಪು ಎಂದು ತಿಳಿ ಎಂದು ಅದಕ್ಕೆ ಹೇಳಿಕೊಡುವ ಕ್ರಮ ಅದು. ಹಂಪಿಯಲ್ಲಿ ಬೆಳಿಗ್ಗೆ ತೋರಿಸಿದ ಬಿಳುಪು ಸಂಜೆಗೆ ನಡೆಯುವುದಿಲ್ಲ, ಮತ್ತೆ ತೋರಿಸಬೇಕು. ಸೂರ್ಯ ಕೆಳಗಿಳಿದಂತೆ ಬೆಳಕಿನಲ್ಲಿ ನೀಲಿ ಕಡಿಮೆಯಾಗಿ ಕೆಂಪು ಹಳದಿಗಳ ಪಾಲು ಹೆಚ್ಚುತ್ತದೆ. ಅಂಗಡಿಯ ಎಲ್‌ಇಡಿ ದೀಪದ ಕೆಳಗೆ ಒಂದೇ ಆಗಿ ಕಂಡ ಎರಡು ಬಣ್ಣಗಳು ಮನೆಯ ಹಗಲಿನಲ್ಲಿ ಬೇರೆ ಬೇರೆಯಾಗಿ ಕಾಣುವುದೂ ಉಂಟು. ಆದ್ದರಿಂದ ಶೇಡ್ ಕಾರ್ಡಿನ ಚೌಕವನ್ನು ಅಂಗಡಿಯಲ್ಲಿ ನೋಡಿ ತೀರ್ಮಾನಿಸಬಾರದು. ಗೋಡೆಯ ಮೇಲೆ, ಕಲ್ಲಿನ ಪಕ್ಕದಲ್ಲೇ, ಎರಡಡಿ ಉದ್ದ ಎರಡಡಿ ಅಗಲ ಬಣ್ಣ ಹಚ್ಚಿಸಿ, ಒಣಗಿದ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮತ್ತು ರಾತ್ರಿ ದೀಪದಲ್ಲಿ ನೋಡಬೇಕು. ಒಣಗಿದ ಮೇಲೆ ಎಂಬುದನ್ನು ಒತ್ತಿ ಹೇಳುತ್ತೇನೆ. ಹಸಿ ಸುಣ್ಣ ಗೋಡೆಯ ಮೇಲೆ ಕಾಣುವುದೇ ಇಲ್ಲ, ಒಣಗಿದಂತೆ ಬೆಳ್ಳಗಾಗುತ್ತದೆ. ಕಲ್ಲು ಇದಕ್ಕೆ ತಿರುಗುಮುರುಗು. ಒದ್ದೆಯಾದಾಗ ಮೇಲ್ಮೈಯ ಸಣ್ಣ ಸಂದುಗಳಲ್ಲಿ ನೀರು ತುಂಬಿ ಬೆಳಕು ಚದುರುವುದು ಕಡಿಮೆಯಾಗುವುದರಿಂದ ಕಲ್ಲು ಗಾಢವಾಗಿ ಕಾಣುತ್ತದೆ. ಮುಂಭಾಗದ ಕಲ್ಲುಗೋಡೆಗೆ ಬಣ್ಣ ಹೊಂದಿಸುವವರು ಅದನ್ನು ಒಮ್ಮೆ ನೀರು ಚಿಮುಕಿಸಿಯೂ ನೋಡಬೇಕು.

ಇನ್ನು ಹೊಸಪೇಟೆಯ ಹೊಸ ಮನೆಗಳಿಗೆ ಬರೋಣ. ಈಗ ಮನೆಗೆ ಬರುವ ಕಲ್ಲು ಊರಿನದೇ ಆಗಿರಬೇಕೆಂದಿಲ್ಲ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಕೆಂಪು ಗ್ರಾನೈಟ್ ಬರುತ್ತದೆ, ಕಲಬುರಗಿ ಕಡೆಯ ಶಹಾಬಾದ್ ಕಲ್ಲು ಬರುತ್ತದೆ, ಆಂಧ್ರದ ಕಡಪ ಬಂಡೆ ಬರುತ್ತದೆ. ಕಲ್ಲಿನಿಂದ ಬಣ್ಣವನ್ನು ಆರಿಸುವ ಸುಲಭ ವಿಧಾನ ಒಂದಿದೆ. ಬಿಳಿ ಹಾಳೆಯ ನಡುವೆ ರೂಪಾಯಿ ನಾಣ್ಯದಷ್ಟು ಅಗಲದ ರಂಧ್ರ ಮಾಡಿ. ಅದನ್ನು ಕಲ್ಲಿನ ಮೇಲೆ ಐದಾರು ಕಡೆ ಇಟ್ಟು ರಂಧ್ರದಲ್ಲಿ ಕಾಣುವ ಬಣ್ಣಗಳನ್ನು ಬರೆದುಕೊಳ್ಳಿ. ಅತಿ ತಿಳಿಯಾದ ಬಣ್ಣ, ಹೆಚ್ಚಾಗಿರುವ ಬಣ್ಣ, ಅತಿ ಗಾಢವಾದ ಬಣ್ಣ ಎಂದು ಮೂರನ್ನು ಗುರುತಿಸಿ. ಅತಿ ತಿಳಿಯಾದ ಬಣ್ಣದ ಹತ್ತಿರದ ಛಾಯೆ ಗೋಡೆಗಳಿಗೆ ಒಪ್ಪುತ್ತದೆ. ಗಾಢವಾದದ್ದು ಬಾಗಿಲು, ಕಿಟಕಿಯ ಚೌಕಟ್ಟು, ಬುಡದ ಪಟ್ಟಿಯಂಥ ಸಣ್ಣ ಜಾಗಕ್ಕೆ ಸಾಕು. ಹೆಚ್ಚಾಗಿರುವ ಬಣ್ಣವನ್ನು ಕಲ್ಲಿಗೇ ಬಿಟ್ಟುಬಿಡಿ.

ಬೂದು ಗ್ರಾನೈಟಿನ ಪಕ್ಕದಲ್ಲಿ ಹಳದಿ ಮಣ್ಣಿನ ಲೇಶವಿರುವ ಬಿಳುಪು ಬೆಚ್ಚಗೆ ಕಾಣುತ್ತದೆ. ನೀಲಿ ಹೆಚ್ಚಾದ ಬಿಳುಪಿನ ಪಕ್ಕದಲ್ಲಿ ಅದೇ ಕಲ್ಲು ಕೊಳೆಯಾದಂತೆ ಕಾಣುತ್ತದೆ. ಇಳಕಲ್ಲಿನ ಕೆಂಪು ಕಲ್ಲು ತಾನೇ ಗಟ್ಟಿ ದನಿಯದು. ಅದಕ್ಕೆ ಬೂದು ಬೆರೆತ ಬಿಳುಪಿನಂಥ ಮೆಲುದನಿಯ ಗೋಡೆ ಬೇಕು. ಕಡಪದ ಕಪ್ಪು ಬಂಡೆ ಬೆಳಕನ್ನು ನುಂಗುತ್ತದೆ. ಅದರ ಸುತ್ತ ಗೋಡೆ ತಿಳಿಯಾಗಿರಲಿ, ಜೊತೆಗೆ ಸ್ವಲ್ಪ ಜಾಜಿನ ಕೆಂಪಿದ್ದರೆ ಸೊಗಸು. ಶಹಾಬಾದ್ ಕಲ್ಲಿನ ಬೂದು ನೀಲಿಗೆ ತಿಳಿ ಹಳದಿ ಗೋಡೆ ಒಳ್ಳೆಯ ಜೊತೆ. ಗಾಢ ಬಣ್ಣಗಳ ಆಸೆಯಿದ್ದವರು ಅದನ್ನು ಗೋಡೆಯ ಮೇಲೆ ತೀರಿಸಿಕೊಳ್ಳಬೇಕಾಗಿಲ್ಲ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಯ ಒಂದು ದಿಂಬಿನ ಚೀಲ, ಒಂದು ಗೋಡೆಪಟ ಬೂದು ಕಲ್ಲಿನ ಪಡಸಾಲೆಗೆ ಬೇಕಾದಷ್ಟು ಬಣ್ಣ ಕೊಡುತ್ತದೆ. ಮುಂದೆ ಬೇಸರವಾದರೆ ಬದಲಾಯಿಸುವುದಕ್ಕೂ ಸುಲಭ.

ಈ ಸೀಮೆಯಲ್ಲಿ ಇನ್ನೊಂದು ಬಣ್ಣದ ಲೆಕ್ಕವನ್ನೂ ಹಿಡಿಯಬೇಕು, ಅದು ಧೂಳಿನ ಬಣ್ಣ. ಅದಿರಿನ ವ್ಯಾಪಾರ ಅತಿಯಾಗಿ ಬೆಳೆದಿದ್ದ ವರ್ಷಗಳಲ್ಲಿ ಸಂಡೂರು ಹೊಸಪೇಟೆಗಳ ಲಾರಿದಾರಿಯ ಎರಡೂ ಬದಿಯಲ್ಲಿ ಗಿಡದ ಎಲೆ, ಮನೆಯ ಗೋಡೆ, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪಾಗಿದ್ದವು. ಸರ್ವೋಚ್ಚ ನ್ಯಾಯಾಲಯ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಆಮೇಲೆ ಅದು ಷರತ್ತುಗಳೊಂದಿಗೆ ಹಂತಹಂತವಾಗಿ ಮತ್ತೆ ಆರಂಭವಾಯಿತು. ಅಜ್ಜಿ ಒಂದು ಮೊಳದ ಪಟ್ಟಿಯಾಗಿ ಬಳಿಯುತ್ತಿದ್ದ ಅದೇ ಕೆಂಪು ಕೇಳದೆಯೇ ಇಡೀ ಮನೆಗೆ ಬಳಿದುಕೊಂಡಿತ್ತು. ಬಣ್ಣ ತನ್ನ ಜಾಗದಲ್ಲಿದ್ದರೆ ಅಲಂಕಾರ. ಮೇರೆ ಮೀರಿದರೆ ಅದು ಉಸಿರಿಗೂ ತೊಂದರೆ. ಇಂಥ ರಸ್ತೆಯ ಬದಿಯ ಮನೆಗೆ ಅಚ್ಚ ಬಿಳುಪಿಗಿಂತ ಮಣ್ಣಿನ ಛಾಯೆಯ ತಿಳಿ ಬಣ್ಣವೂ, ಬುಡಕ್ಕೆ ಗಾಢ ಕೆಂಪೂ ಹೆಚ್ಚು ದಿನ ಅಂದವಾಗಿರುತ್ತವೆ.

ಈಗ ಉತ್ತರ ಬಾಕಿಯಿದ್ದ ಪ್ರಶ್ನೆ. ಕಲ್ಲಿಗೇ ಬಣ್ಣ ಹಚ್ಚಬಹುದೇ? ಊರೂರಿನಲ್ಲಿ ದೇವಸ್ಥಾನದ ಕಂಬಗಳಿಗೆ, ಹಳೆಯ ಮನೆಯ ಕಲ್ಲಿನ ಚೌಕಟ್ಟಿಗೆ ಎಣ್ಣೆಬಣ್ಣ ಬಳಿಯುವುದನ್ನು ಕಾಣುತ್ತೇವೆ. ಬಳಿಯುವವರ ಭಕ್ತಿ, ಅಕ್ಕರೆಗಳ ಬಗ್ಗೆ ಸಂಶಯವಿಲ್ಲ. ಆದರೆ ಅಂದಿನ ಬಣ್ಣಕ್ಕೂ ಇಂದಿನ ಎಣ್ಣೆಬಣ್ಣಕ್ಕೂ ವ್ಯತ್ಯಾಸವಿದೆ. ಹಿಂದಿನದು ಖನಿಜದ ಪುಡಿಯಿಂದಾದದ್ದು. ಇಂದಿನ ಎನಾಮೆಲ್ ಕಲ್ಲಿನ ಮೇಲೆ ಒಂದು ಬಿಗಿಯಾದ ಪೊರೆ ಕಟ್ಟುತ್ತದೆ. ಗ್ರಾನೈಟ್ ನೀರು ಹೀರುವುದು ಬಹಳ ಕಡಿಮೆ ನಿಜ. ಆದರೆ ಕಲ್ಲುಗಳ ನಡುವಿನ ಗಾರೆ, ಹಿಂದಿನ ಮಣ್ಣು ನೀರನ್ನು ಹೀರುತ್ತವೆ. ನೆಲದಿಂದ ಮೇಲೇರಿದ ತೇವ ಗೋಡೆಯ ಮೇಲ್ಮೈಯಿಂದ ಆವಿಯಾಗಿ ಹೋಗಬೇಕು. ಪೊರೆ ಅಡ್ಡ ಬಂದರೆ ತೇವ ಒಳಗೇ ನಿಲ್ಲುತ್ತದೆ. ಅದರಲ್ಲಿ ಕರಗಿದ್ದ ಲವಣಗಳು ಪೊರೆಯ ಹಿಂದೆ ಹರಳುಗಟ್ಟಿ ಗಾರೆಯನ್ನು ಪುಡಿ ಮಾಡುತ್ತವೆ. ಬಣ್ಣ ಹಪ್ಪಳದಂತೆ ಏಳುತ್ತದೆ. ಅದನ್ನು ಮುಚ್ಚಲು ಮುಂದಿನ ವರ್ಷ ಇನ್ನೊಂದು ಲೇಪ. ಹೀಗೆ ಲೇಪದ ಮೇಲೆ ಲೇಪ ಕೂತು ಶಿಲ್ಪಿ ಬಿಡಿಸಿದ ಬಳ್ಳಿಯ ಎಲೆ, ಆನೆಯ ಕಣ್ಣು ಎಲ್ಲ ತುಂಬಿಹೋಗುತ್ತವೆ.

ಬೇಡವೆನಿಸಿದಾಗ ತೆಗೆಸಬಹುದಲ್ಲ ಎನ್ನುವವರುಂಟು. ಮರಳು ಚಿಮ್ಮಿಸಿ ತೆಗೆದರೆ ಬಣ್ಣದ ಜೊತೆ ಕಲ್ಲಿನ ಮೇಲ್ಮೈಯೂ, ಉಳಿಯ ಗುರುತೂ ಹೋಗುತ್ತವೆ. ಆಮ್ಲ ಹಾಕಿ ತೊಳೆದರೆ ಗಾರೆ ಕರಗುತ್ತದೆ. ಶಹಾಬಾದ್, ಕಡಪಗಳು ಸುಣ್ಣದ ಜಾತಿಯ ಕಲ್ಲುಗಳಾದ್ದರಿಂದ ಅವೂ ಕರಗುತ್ತವೆ. ಬಳಸದ ಶಹಾಬಾದ್ ಚೂರಿನ ಮೇಲೆ ನಿಂಬೆರಸದ ನಾಲ್ಕು ಹನಿ ಬಿಟ್ಟು ನೋಡಿ. ಸಣ್ಣ ಗುಳ್ಳೆಗಳು ಏಳುತ್ತವೆ. ಗ್ರಾನೈಟಿನ ಮೇಲೆ ಏಳುವುದಿಲ್ಲ. ಕಲ್ಲಿನ ನೆಲವನ್ನು ಕಕ್ಕಸು ತೊಳೆಯುವ ಆಮ್ಲದಿಂದ ಉಜ್ಜಬಾರದು ಎನ್ನುವುದಕ್ಕೆ ಇದೇ ಆಧಾರ. ಒಟ್ಟಿನಲ್ಲಿ ಕಲ್ಲಿಗೆ ಎಣ್ಣೆಬಣ್ಣ ಹಚ್ಚುವುದು ಒಂದು ದಿನದ ಕೆಲಸ. ತೆಗೆಯುವುದು ತಜ್ಞರಿಗೂ ತಿಂಗಳುಗಳ ಕೆಲಸ, ಅದೂ ಪೂರ್ತಿಯಾಗಿ ಆಗುವುದಿಲ್ಲ. ಸಂರಕ್ಷಿತ ಸ್ಮಾರಕಗಳಲ್ಲಿ ಗೀಚುವುದು, ಹಾಳುಮಾಡುವುದು 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ಶಿಕ್ಷಾರ್ಹ ಅಪರಾಧವೂ ಹೌದು. ಆದರೆ ಊರಿನ ಸಣ್ಣ ಗುಡಿಗೆ, ಅಜ್ಜನ ಮನೆಯ ಕಟ್ಟೆಗೆ ಕಾವಲಾಗಿ ಕಾಯಿದೆ ಬರುವುದಿಲ್ಲ. ಅಲ್ಲಿ ಕಾವಲಾಗಬೇಕಾದವರು ಮನೆಯವರೇ.

ಕಲ್ಲು ಕತ್ತಲೆಯಾಗಿ ಕಾಣುತ್ತದೆ, ಅದಕ್ಕೇ ಬಣ್ಣ ಹಚ್ಚುತ್ತೇವೆ ಎಂಬ ಮಾತಿನಲ್ಲಿ ಹುರುಳಿದೆ. ಅದಕ್ಕೆ ಪರಿಹಾರ ಕಲ್ಲಿನ ಮೇಲಿಲ್ಲ, ಅದರ ಹಿಂದಿದೆ. ಕಂಬದ ಹಿಂದಿನ ಗೋಡೆಗೆ, ಮೇಲಿನ ಮಾಳಿಗೆಗೆ ಬಿಳುಪು ಬಳಿಸಿ. ಬೆಳಕು ಹೆಚ್ಚುತ್ತದೆ, ಕಂಬದ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಸುಣ್ಣಕ್ಕೂ ಕೊರತೆಗಳಿವೆ. ಅದು ಬಟ್ಟೆಗೆ ಅಂಟುತ್ತದೆ, ವರ್ಷಕ್ಕೊಮ್ಮೆ ಬಳಿಯಬೇಕು. ಸಿಮೆಂಟು ಗಿಲಾಯಿ ಮಾಡಿದ ಹೊಸ ಗೋಡೆಗೆ ಹೊಳಪಿಲ್ಲದ ಎಮಲ್ಷನ್ ಹಚ್ಚಿದರೆ ಆಕ್ಷೇಪವೇನಿಲ್ಲ. ಮಣ್ಣಿನ, ಗಾರೆಯ ಹಳೆಯ ಗೋಡೆಗೆ ಮಾತ್ರ ಸುಣ್ಣವೇ ಸರಿ. ಅದು ತೇವವನ್ನು ಹೊರಬಿಡುತ್ತದೆ.

ಮಿತ್ರರೇ, ಮನೆಗೆ ಯಾವ ಬಣ್ಣ ಎಂಬುದನ್ನು ನಿರ್ಧರಿಸುವವರು ಹಿರಿಯರು. ಆದರೆ ಹಬ್ಬಕ್ಕೋ ಮದುವೆಗೋ ಬಣ್ಣದ ಮಾತು ಬಂದಾಗ, ಕಲ್ಲನ್ನು ಒಮ್ಮೆ ನೋಡಿ ಆಮೇಲೆ ಆರಿಸೋಣ ಎಂದು ಹೇಳುವಷ್ಟು ಜಾಗ ನಿಮಗೂ ಇದೆ. ರಂಧ್ರ ಮಾಡಿದ ಹಾಳೆ, ಎರಡು ಬೂದು ಚೌಕ, ಟೈಲ್ಸ್‌ನ ಚೂರು, ಅರ್ಧ ನಿಂಬೆಹಣ್ಣು, ನಿಮಗೆ ಬೇಕಾದ ಪ್ರಯೋಗಶಾಲೆ ಇಷ್ಟೇ. ಮುಂದಿನ ಸಲ ಹಂಪಿಗೆ ಹೋದಾಗ ಬಂಡೆಯ ಮುಂದೆ ಫೋಟೋ ತೆಗೆಸಿಕೊಳ್ಳುವ ಮುಂಚೆ ಒಂದು ನಿಮಿಷ ಆ ಹಾಳೆಯನ್ನು ಅದರ ಮೇಲಿಟ್ಟು ಎಷ್ಟು ಬಣ್ಣ ಸಿಗುತ್ತದೆ ಎಂದು ಎಣಿಸಿ ನೋಡಿ. ನಿಮ್ಮ ಪಟ್ಟಿಯನ್ನು ತರಗತಿಯಲ್ಲಿ ಗೆಳೆಯರ ಪಟ್ಟಿಯೊಡನೆ ಹೋಲಿಸಿ.